ಪ್ರತಿಕ್ರಿಯೆ: ಒಂದೇ ತಟ್ಟೆಯ ಹುಳುಗಳಲ್ಲಿ ಕೆಲವು ಯಾಕೆ ಬೆಳೆಯಲಿಲ್ಲ?

ನಮಸ್ಕಾರ. ಒಂದೇ ತಾಯಿಯ ಸಿ. ಎಲೆಗನ್ಸ್ (ಪ್ರಯೋಗಾಲಯದ ತಟ್ಟೆಯಲ್ಲಿ ಸಾಕುವ ಪುಟ್ಟ ದುಂಡುಹುಳು) ಹುಳುಗಳಲ್ಲಿ ಕೆಲವು ಮೊಟ್ಟೆಯಿಟ್ಟವು, ಕೆಲವು ಸಣಕಲಾಗಿ ಏನೂ ತಿನ್ನದೆ ಉಳಿದವು, ಜೀನ್ ಬೇರೆಯಾಯ್ತಾ ಅಂತ ದಾವಣಗೆರೆಯಿಂದ ಕೇಳಿದ್ದೀರಿ. ಜೀನ್ ಬೇರೆಯಾಗಿರಬೇಕಿಲ್ಲ. ಇದು ಗಂಡಿಲ್ಲದೆಯೂ ಮರಿ ಮಾಡುವ ಹುಳು, ಮರಿಗಳ ಜೀನ್ ಹೆಚ್ಚುಕಡಿಮೆ ಒಂದೇ. ಆ ಸಣಕಲು ಹುಳುಗಳು ಡೌವರ್ ಮರಿಗಳಿರಬೇಕು, ಅಂದರೆ ಕಷ್ಟಕಾಲ ಕಳೆಯಲು ಬೆಳವಣಿಗೆ ನಿಲ್ಲಿಸಿದ ಮರಿಗಳು. ಊಟವಾದ ಬ್ಯಾಕ್ಟೀರಿಯಾ ಖಾಲಿಯಾಗುತ್ತಾ ಬಂದು, ಹುಳುಗಳ ಸಂದಣಿಯಿಂದ ಅವು ಹೊರಬಿಡುವ ಫೆರೋಮೋನ್ ಎಂಬ ಸಂಕೇತ ರಾಸಾಯನಿಕ ದಟ್ಟವಾದರೆ ಎಳೆಯ ಮರಿ ಈ ದಾರಿ ಹಿಡಿಯುತ್ತದೆ. ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಆಹಾರ ಸಿಕ್ಕರೆ ಮತ್ತೆ ಬೆಳೆಯುತ್ತದೆ.

ನನಗೆ ತುಂಬ ಇಷ್ಟವಾದ ಸಾಕ್ಷಿ ಡಾಫ್-7 ಜೀನ್‌ನದು. ಊಟಕ್ಕೆ ಕೊರತೆಯಿಲ್ಲ, ಬೆಳೆಯಬಹುದು ಎಂದು ಮೈಗೆಲ್ಲ ತಿಳಿಸುವ ಪ್ರೋಟೀನ್ ಇದರದ್ದು. ತಲೆಯಲ್ಲಿರುವ ಎಎಸ್‌ಐ ಎಂಬ ಒಂದು ಜೊತೆ ನರಕೋಶದಿಂದ ಹೊರಡುತ್ತದೆ. ಈ ಜೀನ್ ಕೆಟ್ಟ ಹುಳುಗಳನ್ನು 25 ಡಿಗ್ರಿಯಲ್ಲಿಟ್ಟರೆ ತಟ್ಟೆ ತುಂಬ ಬ್ಯಾಕ್ಟೀರಿಯಾ ಇದ್ದರೂ ಹೆಚ್ಚುಕಡಿಮೆ ಎಲ್ಲವೂ ಡೌವರ್. 15ರಲ್ಲಿಟ್ಟರೆ ಎಷ್ಟೋ ಮರಿಗಳು ಸರಾಗವಾಗಿ ಬೆಳೆದುಬಿಡುತ್ತವೆ! ಕಾರಣ ಜೀನೋ, ಬಿಸಿಯೋ? ಎರಡನ್ನೂ ಬಿಡಿಸಿ ಹೇಳಲಾಗದು.

ನಮ್ಮ ಚಿತ್ರದುರ್ಗದಲ್ಲಿ ಏಪ್ರಿಲ್‌ನಲ್ಲಿ ಕೋಣೆ 25 ದಾಟುವುದು ಮಾಮೂಲು, ನಿಮ್ಮಲ್ಲೂ ಅಷ್ಟೇ. ಹಾಗಾಗಿ ಇನ್‌ಕ್ಯುಬೇಟರ್ (ಉಷ್ಣತೆ ಒಂದೇ ಮಟ್ಟದಲ್ಲಿಡುವ ಪೆಟ್ಟಿಗೆ) 20ರಲ್ಲಿದೆಯಾ ನೋಡಿ. ಖಾತ್ರಿ ಬೇಕಿದ್ದರೆ ಶೇ. 1ರ ಎಸ್‌ಡಿಎಸ್ (ಒಂದು ಬಗೆಯ ಡಿಟರ್ಜೆಂಟ್) ದ್ರಾವಣ ಹಾಕಿ. ಅರ್ಧ ಗಂಟೆಯಾದರೂ ನುಲಿಯುತ್ತಿದ್ದರೆ ಅದು ಡೌವರ್, ಉಳಿದವು ಸತ್ತಿರುತ್ತವೆ.