ಗೋವಾದ ಲಗ್ನ, ಬೀದರಿನ ನೆನಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ಗೋವಾದಾಗೇ ಲಗ್ನ ಆಗ್ತೀನಿ ಅಂತ ಪಟ್ಟು ಹಿಡದಾಳ. ಬೀಗರೂ ಹೂಂ ಅಂದಾರ. 150 ಮಂದಿಗೆ ರಿಸಾರ್ಟಿನವರು ಒಂದು ರೂಮಿಗೆ ದಿನಕ್ಕ 4,500, ಊಟಕ್ಕ ಪ್ಲೇಟಿಗೆ 1,200 ಹೇಳ್ಯಾರ. ಒಂದು ಸ್ಲೀಪರ್ ಬಸ್ಸು ಹೋಗಿ ಬರ್ಲಾಕ 85,000. ಇಲ್ಲಿ ಕಲ್ಯಾಣ ಮಂಟಪ ಎರಡು ದಿನಕ್ಕ 1,75,000, ಪ್ಲೇಟು 260, ಮಂದಿ 900. ಕಮ್ಮಿ ಮಂದಿ ಕರೆದ್ರ ಗೋವಾನೇ ಸೋವಿ ಬೀಳ್ತದ ಅಂತ ಮಗಳ ವಾದ. ಖರೇನಾ?
– ಒಬ್ಬ ತಂದೆ, ಕಲಬುರಗಿ

ಉತ್ತರ: ನೀವು ಕೊಟ್ಟ ದರಗಳಲ್ಲೇ ಕೂಡಿ ನೋಡೋಣ. ರೂಮಿಗೆ ಇಬ್ಬರಂತೆ 75 ರೂಮು, ಎರಡು ರಾತ್ರಿ: 6,75,000. ಬೆಳಗಿನ ನಾಷ್ಟಾ ರೂಮಿನ ಬಾಡಿಗೆಯಲ್ಲೇ ಬರುತ್ತದೆ ಎಂದುಕೊಂಡರೂ ದೊಡ್ಡ ಊಟ ಮೂರು ಆಗೇ ಆಗುತ್ತವೆ: 5,40,000. 36 ಮಂದಿಯ ಸ್ಲೀಪರ್ ಬಸ್ಸು ನಾಲ್ಕಕ್ಕೆ 144 ಮಂದಿ. ಉಳಿದ ಆರು ಮಂದಿಯ ಜೊತೆ ಅಯ್ಯನವರು, ಭಜಂತ್ರಿ, ಫೋಟೊದವರು, ಮೇಕಪ್‌ನವರು ಸೇರಿದರೆ ಐದನೆಯದು ಬೇಕೇ ಬೇಕು: 4,25,000. ಒಟ್ಟು 16,40,000. ಮಂಟಪದ ಅಲಂಕಾರ, ಫೋಟೊ ಇದರಲ್ಲಿಲ್ಲ. ಅಯ್ಯನವರಿಂದ ಮೇಕಪ್‌ನವರವರೆಗಿನ ಹನ್ನೆರಡು-ಹದಿನೈದು ಮಂದಿಯ ರೂಮು, ಊಟವೂ ಇಲ್ಲ.

ಊರಲ್ಲಾದರೆ ಮಂಟಪ 1,75,000, ಊಟ 2,34,000, ಹೊರ ಊರಿನವರ ಲಾಡ್ಜಿಗೆ 50,000 ಹಿಡಿಯಿರಿ. 4,59,000ಕ್ಕೆ ಮುಗಿಯಿತು.

ಮಗಳ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ಬೇರೆಯೇ ಇದೆ. ಗೋವಾಕ್ಕೆ ಬಾರದ 750 ಮಂದಿಗೆ ನೀವು ಊರಲ್ಲಿ ಊಟ ಹಾಕದೆ ಇರುತ್ತೀರಾ? ಅವರೆಲ್ಲರ ಮನೆಯ ಲಗ್ನದಲ್ಲಿ ಉಂಡು, ಆಹೇರ ಮಾಡಿಸಿಕೊಂಡು ಬಂದವರು ನೀವು. ಒಂದು ದಿನದ ಮಂಟಪಕ್ಕೆ 90,000, ಊಟಕ್ಕೆ 1,95,000 ಎಂದರೆ ಇನ್ನೂ 2,85,000. ಗೋವಾದ ಲಗ್ನ 19,25,000ಕ್ಕೆ ಹೋಗಿ ನಿಲ್ಲುತ್ತದೆ. 50 ಮಂದಿಗೆ ಇಳಿಸಿದರೂ ಅಲ್ಲಿ 5,75,000, ಇಲ್ಲಿ 850 ಮಂದಿಯ ಆರತಕ್ಷತೆಗೆ 3,11,000, ಕೂಡಿ 8,86,000. ಗೋವಾ ಸೋವಿ ಬೀಳುವುದು ಮಂದಿಯನ್ನು ಒಂದೇ ಬಸ್ಸಿನಷ್ಟಕ್ಕೆ ಇಳಿಸಿ, ಊರಿನ ಊಟವನ್ನೂ ಕೈಬಿಟ್ಟಾಗ ಮಾತ್ರ. ಆ ಊಟವನ್ನು ಕೈಬಿಡುವ ಧೈರ್ಯ ನಿಮಗಿದೆಯೇ ಎಂದು ಮೊದಲು ಕೇಳಿಕೊಳ್ಳಿ, ಆಮೇಲೆ ರೂಮಿನ ದರ ಚೌಕಾಸಿ ಮಾಡಿ. ಮಗಳ ಆಸೆಗಾಗಿಯೇ ಹೋಗುವುದಾದರೆ ಹೋಗಿ, ತಪ್ಪೇನಿಲ್ಲ. ಉಳಿತಾಯ ಎಂಬ ಹೆಸರು ಬೇಡ, ಅಷ್ಟೇ.

ಹೋಗುವುದು ಖಾತ್ರಿಯಾದರೆ ಮುಂಗಡ ಕೊಡುವ ಮೊದಲು ಇವಿಷ್ಟನ್ನು ಬರೆಸಿಕೊಳ್ಳಿ. ಮಂದಿ ಕಮ್ಮಿಯಾದರೂ ದುಡ್ಡು ಕೊಡಬೇಕಾದ ಕನಿಷ್ಠ ರೂಮು ಎಷ್ಟು, ದರದಲ್ಲಿ ತೆರಿಗೆ ಸೇರಿದೆಯೇ, ಹೊರಗಿನ ಅಡುಗೆಯವರನ್ನು ಬಿಡುತ್ತಾರೆಯೇ, ಒಳಾಂಗಣದಲ್ಲಿ ಹೋಮದ ಹೊಗೆ ನಡೆಯುತ್ತದೆಯೇ. ಹೊಗೆ ಕಂಡರೆ ಕೂಗುವ ಯಂತ್ರ ಚಾವಣಿಯಲ್ಲಿದ್ದರೆ ಅಕ್ಷತೆಯ ಹೊತ್ತಿಗೇ ಸೈರನ್ ಶುರುವಾಗುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮ ಕಡಲ ದಂಡೆಗೂ ಅನ್ವಯಿಸುತ್ತದೆ. ಆದ್ದರಿಂದ ಸಂಗೀತ್ ಸಂಜೆ 6ಕ್ಕೇ ಶುರುವಾಗಲಿ. ರೈಲಿನಲ್ಲಿ ಬರುವವರಿದ್ದರೆ ಬುಕಿಂಗ್ ತೆರೆಯುವುದು 60 ದಿನ ಮೊದಲು, ಒಂದು ಟಿಕೆಟ್ಟಿಗೆ ಆರೇ ಮಂದಿ. ಮುಹೂರ್ತ ಅದಕ್ಕಿಂತ ಮೊದಲೇ ಗಟ್ಟಿಯಾಗಿರಬೇಕು.

ಇನ್ನು ಊಟ. ಜೋಳದ ರೊಟ್ಟಿ ಬಡಿಯುವ ಕೈ ರಿಸಾರ್ಟಿನ ಅಡುಗೆಮನೆಯಲ್ಲಿ ಸಿಗುವುದು ಅಪರೂಪ. ಹಿರಿಯರಿಗೆಂದು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಇಲ್ಲಿಂದಲೇ ಒಯ್ಯಿರಿ. ಕಡಲ ಗಾಳಿಗೆ ಬಿಟ್ಟರೆ ಕಡಕ್ ರೊಟ್ಟಿ ತಾಸೊತ್ತಿನಲ್ಲಿ ಮೆತ್ತಗಾಗುತ್ತದೆ. ಒಂದೇ ದೊಡ್ಡ ಡಬ್ಬದಲ್ಲಿ ತುಂಬದೆ, ಮುಚ್ಚಳ ಬಿಗಿಯಾಗಿರುವ ಸಣ್ಣ ಡಬ್ಬಗಳಲ್ಲಿ 40-50ರಂತೆ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದು ತೆರೆಯಿರಿ.

ಪ್ರಶ್ನೆ: ಹೊರ ಊರಿಗೆ ಯಾಕೆ ಹೋಗಬೇಕು, ನಮ್ಮ ಬೀದರ್ ಕೋಟೆಯೊಳಗೇ ಮದುವೆ ಮಾಡಬಹುದಲ್ಲವೇ?
– ಓದುಗರು, ಭಾಲ್ಕಿ

ಉತ್ತರ: ಆಗದು ಎಂದುಕೊಂಡೇ ಯೋಜನೆ ಹಾಕಿ. ಕೋಟೆ ಕೇಂದ್ರದ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 1959ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಇಂಥ ಸ್ಮಾರಕಗಳಲ್ಲಿ ಆರತಕ್ಷತೆ, ಪಾರ್ಟಿ, ಮನರಂಜನೆ ನಡೆಸುವಂತಿಲ್ಲ. 1472ರ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳಿಗೂ ಇದೇ ಮಾತು. ಲಗ್ನದ ಮುಂಚಿನ ಫೋಟೊಗೆ ಸ್ಟ್ಯಾಂಡು, ಲೈಟು, ಡ್ರೋನ್ ತರುವುದಿದ್ದರೂ ಮೊದಲು ಇಲಾಖೆಯನ್ನು ಕೇಳಿ. ಮದುವೆಗೆ ಊರ ಹೊರಗಿನ ತೋಟವನ್ನೋ ಮಂಟಪವನ್ನೋ ನೋಡಿ. ಬೀದರ್ ಎತ್ತರದಲ್ಲಿದೆ, ಕಲಬುರಗಿಗಿಂತ ತುಸು ತಂಪು, ನಿಜ. ಆದರೂ ಮೇ ತಿಂಗಳ ಮಧ್ಯಾಹ್ನ ಬಯಲಲ್ಲಿ ಶಾಮಿಯಾನಾ ಹಾಕಿ ಮಂದಿಯನ್ನು ಕೂರಿಸಬೇಡಿ.

ಪ್ರಶ್ನೆ: ಬಂದವರಿಗೆಲ್ಲ ಬಿದ್ರಿ ವಸ್ತು ಕೊಡೋಣ ಅಂತ ಮನೆಯಾಗ ಮಾತಾಗ್ಯದ. 300 ಬೇಕು, ವಧು-ವರರ ಹೆಸರು ಕೆತ್ತಿಸಬೇಕು, ಲಗ್ನಕ್ಕ ಐದು ವಾರ ಅದ. ಆಗ್ತದೇನು?
– ಓದುಗರು, ಹುಮನಾಬಾದ್

ಉತ್ತರ: ಕೈಕೆಲಸದ ಅಸಲಿ ಬಿದ್ರಿ ಐದು ವಾರದಲ್ಲಿ 300 ಆಗದು. ಆಗುತ್ತದೆ ಎಂದು ಯಾರಾದರೂ ಒಪ್ಪಿಕೊಂಡರೆ ಅನುಮಾನಪಡಿ. ಹಂತಗಳನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸಿ, ಮಣ್ಣಿನ ಅಚ್ಚಿಗೆ ಎರೆಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಅದರ ಮೇಲೆ ಗೀರಿದ ಚಿತ್ರ ಬೆಳ್ಳಗೆ ಕಾಣುತ್ತದೆ. ಆ ಗೆರೆಗಳನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಆ ಕೊರೆತದೊಳಗೆ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಬೆಳ್ಳಿಯೂ ಲೋಹವೂ ಒಂದೇ ಬಣ್ಣವಾಗಿ ಚಿತ್ರವೇ ಮಾಯ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿದ ಬಿಸಿ ನೀರಿನಲ್ಲಿ ಹಾಕಿದಾಗ ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಎಣ್ಣೆ ಸವರಿದರೆ ಮುಗಿಯಿತು. 2006ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕ ಈ ಕಲೆಯಲ್ಲಿ ಹೊತ್ತು ಹೋಗುವುದೆಲ್ಲ ಕೊರೆಯುವಲ್ಲಿ, ಕೂರಿಸುವಲ್ಲಿ. ಅಲ್ಲಿ ಅವಸರ ಮಾಡಿದರೆ ತಂತಿ ಆರು ತಿಂಗಳಲ್ಲಿ ಎದ್ದು ಬರುತ್ತದೆ.

ನಮ್ಮ ಸಲಹೆ: ತಲೆ ಎಣಿಸಬೇಡಿ, ಮನೆ ಎಣಿಸಿ. 300 ಮಂದಿ ಎಂದರೆ 90 ಮನೆ ಆದೀತು. ಅದರಲ್ಲೂ ತೀರ ಹತ್ತಿರದ 25 ಮನೆಗಳಿಗೆ ಬಿದ್ರಿಯ ಸಣ್ಣ ಡಬ್ಬಿ, ಉಳಿದವರಿಗೆ ಬೇರೆ ಏನಾದರೂ. ಒಂದೆರಡು ಹೆಚ್ಚಿಗೆ ಮಾಡಿಸಿ, ಯಾಕೆಂದರೆ ಎರಕದ ಸತು ಪೆಡಸು. ಕಲ್ಲು ನೆಲಕ್ಕೆ ಬಿದ್ದರೆ ನೆಗ್ಗುವುದಿಲ್ಲ, ಮೂಲೆಯೇ ಹಾರುತ್ತದೆ.

ಹೆಸರು ಪೂರ್ತಿ ಬೇಡ. ಎರಡು ಇಂಚಿನ ಮುಚ್ಚಳದ ಮೇಲೆ ಕನ್ನಡದ ಒತ್ತಕ್ಷರ ಬೆಳ್ಳಿ ತಂತಿಯಲ್ಲಿ ಗಿಜಿಗಿಜಿಯಾಗುತ್ತದೆ. ಇಬ್ಬರ ಮೊದಲ ಅಕ್ಷರ ಮೇಲೆ, ಲಗ್ನದ ತಾರೀಖು ತಳದಲ್ಲಿ ಬರೀ ಕೆತ್ತನೆಯಾಗಿ ಇರಲಿ. ಅಕ್ಷರವನ್ನು ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಬರೆದು, ಸಹಿ ಹಾಕಿ ಕೊಡಿ. ಒಮ್ಮೆ ಕೊರೆದ ಗೆರೆ ಅಳಿಸಲು ಬರುವುದಿಲ್ಲ, ಹೊಸದಾಗಿ ಎರಕ ಹೊಯ್ಯಬೇಕು. ಬೆಳ್ಳಿಯ ದರ ಮುಂಗಡ ಕೊಟ್ಟ ದಿನದ್ದೋ ಮಾಲು ಒಯ್ಯುವ ದಿನದ್ದೋ, ಅದನ್ನೂ ಚೀಟಿಯಲ್ಲಿ ಬರೆಸಿ. ಜಗಳವಾಗುವುದು ಹೆಚ್ಚಾಗಿ ಇಲ್ಲೇ.

ಪರೀಕ್ಷೆ ಸುಲಭ. ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಒಳಗೆ ಕಬ್ಬಿಣ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ತಳಕ್ಕೆ ಉಜ್ಜಿ, ಕಪ್ಪು ಹತ್ತಿಗೆ ಬಂದರೆ ಅದು ಬಣ್ಣ ಬಳಿದದ್ದು. ಕಟ್ಟುವಾಗ ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ರಬ್ಬರಿನ ಗಂಧಕಕ್ಕೆ ಬೆಳ್ಳಿಯ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ. ಒದ್ದೆ ಅರಿಶಿಣ, ಕುಂಕುಮ ಅದರಲ್ಲಿಡಬಾರದು, ಹುಣಸೆಹಣ್ಣು, ಲಿಂಬೆಯಿಂದ ತಿಕ್ಕಬಾರದು ಎಂದು ಸಣ್ಣ ಚೀಟಿಯೊಂದನ್ನು ಡಬ್ಬಿಯೊಳಗೇ ಇಡಿ. ಬೆಳ್ಳಿ ಸಾಮಾನು ಎಂದು ತಿಳಿದು ತಿಕ್ಕುವ ಅತ್ತೆಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಹಾಗೆ ತಿಕ್ಕಿದರೆ ಕಪ್ಪು ಹೋಗಿ ಬೂದು ಬಣ್ಣದ ಕಲೆ ಬೀಳುತ್ತದೆ. ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ, ಒಣ ಬಟ್ಟೆ ಸಾಕು.

ಪ್ರಶ್ನೆ: ಲಗ್ನದ ಹಾರದ ಹೂವನ್ನು ಗಾಜಿನಂಥ ರೆಸಿನ್‌ನಲ್ಲಿ ಹಾಕಿಟ್ಟೆ. ವಾರದಲ್ಲಿ ಹೂವು ಕಂದಾಯಿತು, ಗುಳ್ಳೆ ಎದ್ದಿದೆ. ತಪ್ಪೆಲ್ಲಿ?
– ಓದುಗರು, ಯಾದಗಿರಿ

ಉತ್ತರ: ಹೂವು ಹಸಿ ಇತ್ತು. ಎಸಳಿನೊಳಗಿನ ನೀರಿಗೆ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಕಂದಿಸಿತು, ಗುಳ್ಳೆಯೂ ಬಹುಪಾಲು ಅದರದ್ದೇ. ಹಾರ ತೆಗೆದ ರಾತ್ರಿಯೇ ಗಟ್ಟಿ ಹೂವು ಎಂಟು-ಹತ್ತು ಆರಿಸಿ, ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಣ್ಣ ಹರಳಿನ ಸಿಲಿಕಾ ಜೆಲ್ ಹಾಸಿ, ಹೂವಿಟ್ಟು, ಎಸಳಿನ ನಡುವೆಯೂ ಇಳಿಯುವಂತೆ ಮೇಲೆ ಸುರಿಯಿರಿ. ಸೇವಂತಿಗೆಗೆ ಮೂರರಿಂದ ಐದು ದಿನ, ಗುಲಾಬಿ, ಚೆಂಡುಹೂವಿಗೆ ಒಂದು ವಾರ. ಮುಟ್ಟಿದರೆ ಕಾಗದದಂತೆ ಚರಚರ ಅನ್ನಬೇಕು. ಕೆಂಪು ಗುಲಾಬಿ ಕಪ್ಪುಗೆಂಪಾಗುತ್ತದೆ, ಮಲ್ಲಿಗೆ ಹೇಗೆ ಒಣಗಿಸಿದರೂ ಕಂದು ತಿರುಗುತ್ತದೆ. ಬಿಳಿ ಮಲ್ಲಿಗೆಯ ಆಸೆ ಬಿಡಿ.

ಎರಡನೆಯ ಕಾರಣ ನಿಮ್ಮೂರ ಬಿಸಿಲು. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಕೋಣೆಯೇ 38-40 ಡಿಗ್ರಿ ಇದ್ದರೆ ಗುಳ್ಳೆ ಮೇಲೆ ಬರುವ ಮೊದಲೇ ಬಿಗಿದು, ಹಳದಿಯಾಗಿ, ಕೆಲವೊಮ್ಮೆ ಸೀಳುತ್ತದೆ. ಬೆಳಗಿನ ಜಾವ ಎರೆಯಿರಿ. ರೆಸಿನ್, ಹಾರ್ಡನರ್ (ಅದನ್ನು ಗಟ್ಟಿ ಮಾಡುವ ದ್ರವ) ಅಳತೆ ಡಬ್ಬಿಯ ಮೇಲೆ ಇದ್ದಂತೆಯೇ ಇರಲಿ. ತೂಕ ಎಂದಿದ್ದರೆ ತಕ್ಕಡಿ, ಅಳತೆ ಎಂದಿದ್ದರೆ ಗುರುತಿನ ಲೋಟ, ಕಣ್ಣಂದಾಜು ಬೇಡ. ಮೂರು ನಿಮಿಷ ನಿಧಾನ ಕಲಕಿ, ಒಮ್ಮೆಗೆ ಒಂದು ಸೆಂ.ಮೀ.ಗಿಂತ ದಪ್ಪ ಹಾಕಬೇಡಿ. ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಅಕ್ಷತೆ ಹಾಕುವುದಾದರೆ ಅದನ್ನೂ ಪೂರ್ತಿ ಒಣಗಿಸಿ, ಸಿದ್ಧವಾದದ್ದನ್ನು ಬಿಸಿಲು ಬೀಳದಲ್ಲಿ ಇಡಿ. ಅರಿಶಿಣದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಹಾರವನ್ನು ನೀರಿಗೆ ಬಿಡುವ ಪದ್ಧತಿ ಮನೆಯಲ್ಲಿದ್ದರೆ ಹಿರಿಯರನ್ನು ಕೇಳಿಯೇ ಹೂವು ತೆಗೆಯಿರಿ.

ಪ್ರಶ್ನೆ: ಅವ್ವ, ಅಜ್ಜಿಯ ಸೀರೆಗಳಿಂದ ಮಗಳಿಗೆ ಕೌದಿ ಹೊಲಿಸಬೇಕು. ಎಷ್ಟು ಸೀರೆ ಬೇಕು?
– ಒಬ್ಬ ತಾಯಿ, ಸೇಡಂ

ಉತ್ತರ: ನಾಲ್ಕು. ಐದು ಅಡಿಗೆ ಏಳಡಿ ಕೌದಿಯ ಒಂದು ಪದರ 35 ಚದರ ಅಡಿ, ಐದು ಪದರಕ್ಕೆ 175. ಒಂದು ಸೀರೆ ಸುಮಾರು 65 ಚದರ ಅಡಿ ಬರುತ್ತದೆ. ಮೂರು ಸಾಲುತ್ತವೆ, ತುಂಡು ಕತ್ತರಿಸುವಲ್ಲಿ ಹಾಳಾಗುವುದಕ್ಕೆ ಇನ್ನೊಂದು. ಎಲ್ಲವೂ ಹತ್ತಿಯವೇ ಇರಲಿ. ರೇಷ್ಮೆ ಬೆರೆಸಿದರೆ ಒಗೆದಾಗ ಒಂದು ಕುಗ್ಗಿ ಇನ್ನೊಂದು ಉಬ್ಬುತ್ತದೆ. ಜರಿ ಒಳಗೆ ಹೋದರೆ ತುಂಡಾಗಿ ಚುಚ್ಚುತ್ತದೆ, ಅಂಚಿಗೆ ಮಾತ್ರ ಸಾಕು. ಹೊಲಿಗೆಗೆ ಕೊಡುವ ಮೊದಲು ಪ್ರತಿ ಸೀರೆಯ ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ, ಬಣ್ಣ ಬಿಡುವುದನ್ನು ಬೇರೆ ಇಡಿ. ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿಸಿದ ಮೇಲೆಯೇ ಬೆರಳಗಲದ ಸಾಲು ಶುರುವಾಗಲಿ, ಇಲ್ಲದಿದ್ದರೆ ಪದರ ಜರುಗಿ ನಡುವೆ ಗಂಟು ಕಟ್ಟುತ್ತದೆ. ಹೊಲಿಯುವವರಿಗೆ ಹೊಲದ ಕೆಲಸ ಕಡಿಮೆ ಇರುವ ದಿನ ಕೇಳಿ ಕೊಡಿ.

ಪ್ರಶ್ನೆ: ಉಡುಗೊರೆಯಾಗಿ ತೊಗರಿ ಬೇಳೆ ಕೊಟ್ಟರೆ ಮಂದಿ ನಗುತ್ತಾರೆಯೇ?
– ಓದುಗರು, ಚಿಂಚೋಳಿ

ಉತ್ತರ: ಬೆಂಗಳೂರಿನವರು ಹುಡುಕಿ ಕೊಳ್ಳುವ ಬೇಳೆ ನಮ್ಮ ಕಲಬುರಗಿ ತೊಗರಿಯದ್ದು, ಅದಕ್ಕೆ 2019ರಿಂದ ಭೌಗೋಳಿಕ ಸೂಚಕವೂ ಇದೆ. ಮೇಲೆ ಎಣಿಸಿದಂತೆ 90 ಮನೆ ಎಂದುಕೊಂಡರೆ, ಮನೆಗೆ ಕಾಲು ಕೆಜಿಯಂತೆ ಇಪ್ಪತ್ತೆರಡೂವರೆ ಕೆಜಿ, 25 ಕೆಜಿ ತನ್ನಿ. ಐದಕ್ಕೆ ಏಳು ಇಂಚಿನ ಖಣದ ಚೀಲ, ಒಳಗೊಂದು ಪ್ಲಾಸ್ಟಿಕ್ ಚೀಲ. ಒಂದು ದಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಇರುವಾಗಲೇ ಕಟ್ಟಿದರೆ ಒಳಗೆ ಬೆವರಿ ಮುಗ್ಗಲು ಹಿಡಿಯುತ್ತದೆ. ಲಗ್ನಕ್ಕೆ ಹತ್ತು ದಿನ ಇರುವಾಗ ಕಟ್ಟಿದರೆ ಸಾಕು.