ಪಶ್ಚಿಮಕ್ಕೆ ಇಳಿಯುವ ನಿವೇಶನದಲ್ಲಿ ತಂಪಾದ ಮನೆ

ಪ್ರಶ್ನೆ: ನಮ್ಮ ನಿವೇಶನ ಪಶ್ಚಿಮಕ್ಕೆ ಇಳಿಜಾರಾಗಿದ್ದು, ಕೆಳಬದಿಯಲ್ಲಿ ಕೆಲವು ದೊಡ್ಡ ಮರಗಳಿವೆ. ಬೇಸಿಗೆಯ ಬಿಸಿಲು ಕಟುವಾಗಿರುತ್ತದೆ. ಜಾಗವನ್ನು ಸಮತಟ್ಟು ಮಾಡಿಸಿ, ಮಣ್ಣಿನ ಇಟ್ಟಿಗೆಯಲ್ಲಿ ಪರಿಸರಸ್ನೇಹಿ ಮನೆ ಕಟ್ಟಬೇಕೆಂದಿದ್ದೇವೆ. ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು?

ಉತ್ತರ: ಇಟ್ಟಿಗೆಯ ಮಾತು ಆಮೇಲೆ. ಮೊದಲು ಸಮತಟ್ಟು ಮಾಡಿಸುವ ಯೋಚನೆಯನ್ನು ಕೈಬಿಡಿ. ಮೇಲ್ಬದಿಯನ್ನು ಕಡಿದು ಕೆಳಬದಿಗೆ ತುಂಬಿದರೆ ಫಲವತ್ತಾದ ಮೇಲ್ಮಣ್ಣು ಹಾಳಾಗುತ್ತದೆ, ಮಳೆನೀರು ಹರಿಯುವ ದಾರಿ ಕಟ್ಟಿಹೋಗುತ್ತದೆ, ತುಂಬಿದ ಮಣ್ಣು ನಿಧಾನವಾಗಿ ಕುಗ್ಗುವುದರಿಂದ ಅದರ ಮೇಲಿನ ಗೋಡೆಗಳು ಬಿರುಕು ಬಿಡುವ ಸಂಭವವೂ ಇರುತ್ತದೆ. ಆ ಮಣ್ಣನ್ನು ಹಿಡಿದು ನಿಲ್ಲಿಸುವ ತಡೆಗೋಡೆಗೆ ಸುರಿಯುವ ಸಿಮೆಂಟು ಮತ್ತು ಕಬ್ಬಿಣವನ್ನು ಲೆಕ್ಕ ಹಾಕಿದರೆ, ಮಣ್ಣಿನ ಇಟ್ಟಿಗೆಯಿಂದಾದ ಉಳಿತಾಯ ಅಲ್ಲಿಯೇ ಕರಗಿಹೋಗಬಹುದು.

ನಿಮ್ಮ ಜಾಗದ ನಿಜವಾದ ತೊಡಕು ಬೇರೆಯದೇ ಇದೆ. ಇಳಿಜಾರಿಗೆ ಅಡ್ಡಲಾಗಿ ಉದ್ದನೆಯ ಮನೆ ಕಟ್ಟಿದರೆ ನೆಲಕ್ಕೇನೋ ಒಪ್ಪುತ್ತದೆ, ಆದರೆ ಅದರ ಅಗಲವಾದ ಮುಖ ನೇರವಾಗಿ ಪಶ್ಚಿಮಕ್ಕೆ ಒಡ್ಡಿಕೊಳ್ಳುತ್ತದೆ. ನಡುಮಧ್ಯಾಹ್ನದ ಬಿಸಿಲನ್ನು ಸಜ್ಜಾ ತಡೆಯಬಲ್ಲದು. ಸಂಜೆ ಓರೆಯಾಗಿ ಬರುವ ಬಿಸಿಲು ಅದರ ಅಡಿಯಿಂದಲೇ ಒಳಗೆ ನುಗ್ಗುತ್ತದೆ. ಆದ್ದರಿಂದ ಮನೆಯನ್ನು ಎರಡು ತುಂಡಾಗಿಸಿ, ಎರಡು ಮಟ್ಟಗಳಲ್ಲಿ ಕೂರಿಸಿ, ನಡುವೆ ನಾಲ್ಕಾರು ಮೆಟ್ಟಿಲುಗಳನ್ನಿಟ್ಟು, ಪ್ರತಿ ತುಂಡಿನ ಗಿಡ್ಡ ಮುಖ ಮಾತ್ರ ಪಶ್ಚಿಮಕ್ಕೆ ಬರುವಂತೆ ಮಾಡುವುದು ನನ್ನ ಸಲಹೆ. ಆ ಬದಿಗೆ ಬಚ್ಚಲುಮನೆ, ಉಗ್ರಾಣ ಇರಲಿ. ಕೆಳಗಿನ ಮರಗಳನ್ನು ಕಡಿಯಬೇಡಿ, ಸಂಜೆಯ ಬಿಸಿಲಿಗೆ ಅವುಗಳಿಗಿಂತ ಒಳ್ಳೆಯ ಪರದೆಯಿಲ್ಲ. ಬೇರಿಗೆ ತಾಗದಷ್ಟು ದೂರದಲ್ಲಿ ಪಾಯ ತೆಗೆಸಿದರಾಯಿತು.

ದಪ್ಪ ಮಣ್ಣಿನ ಗೋಡೆ ಎಲ್ಲ ಹವೆಗೂ ಒಗ್ಗುವುದಿಲ್ಲ. ಅದು ಹಗಲಿನ ಶಾಖವನ್ನು ಹೀರಿಕೊಂಡು ಹಲವು ಗಂಟೆಗಳ ನಂತರ ಒಳಗೆ ಬಿಡುತ್ತದೆ: ಬಿಸಿಲಿಗೆ ಕಾದ ಪಶ್ಚಿಮದ ಗೋಡೆಯನ್ನು ರಾತ್ರಿ ಒಂಬತ್ತಕ್ಕೆ ಒಳಗಿನಿಂದ ಮುಟ್ಟಿ ನೋಡಿದರೆ ಅಂಗೈಗೆ ಬೆಚ್ಚಗೆ ತಾಗುತ್ತದೆ. ರಾತ್ರಿ ಹೊರಗೆ ಚೆನ್ನಾಗಿ ತಂಪಾಗುವ ಕಡೆ ಕಿಟಕಿ ತೆರೆದು ಆ ಶಾಖವನ್ನು ಕಳೆಯಬಹುದು. ರಾತ್ರಿಯೂ ಸೆಖೆಯಿರುವಲ್ಲಿ ತೆಳುವಾದ ಗೋಡೆ, ಎದುರುಬದುರು ಕಿಟಕಿ, ಬಿಸಿಗಾಳಿ ಹೊರಹೋಗಲು ಸೂರಿನ ಹತ್ತಿರ ಗವಾಕ್ಷಿ ಇವೇ ಮುಖ್ಯ. ಎರಡೂ ಕಡೆ ಅತಿ ಹೆಚ್ಚು ಬಿಸಿಲು ಬೀಳುವುದು ಚಾವಣಿಯ ಮೇಲೆ, ಆದರೂ ಜನ ಕೊನೆಗೆ ಯೋಚಿಸುವುದು ಅದನ್ನೇ. ಹಂಚಿನ ಕೆಳಗೆ ಗಾಳಿಯಾಡುವ ತೆರಪಿರುವ ಒಳಚಾವಣಿ ಕಟ್ಟಿಸಿ.

100 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆಯಾದರೆ ಸುಮಾರು 1,000 ಲೀಟರ್ ನೀರು ಬೀಳುತ್ತದೆ. ಮೇಲಿನ ತುಂಡಿನ ಪಕ್ಕದಲ್ಲೇ ತೊಟ್ಟಿ ಕಟ್ಟಿಸಿದರೆ ಕೆಳಗಿನ ತೋಟಕ್ಕೆ ಪಂಪು ಬೇಕಾಗುವುದಿಲ್ಲ.

ಇನ್ನು ಇಟ್ಟಿಗೆ. ಪಾಯ ಅಗೆದ ಮಣ್ಣನ್ನೇ ಪರೀಕ್ಷೆ ಮಾಡಿಸಿ. ಜೇಡಿ ಹೆಚ್ಚಿದ್ದರೆ ಮರಳು ಬೆರೆಸಬೇಕಾಗುತ್ತದೆ, ಮೇಲ್ಮಣ್ಣನ್ನಂತೂ ಇಟ್ಟಿಗೆಗೆ ಬಳಸಲೇಬಾರದು.