ಹಳೆ ಬೈಕಿಗೆ ಲೇಸರ್‌ನಲ್ಲಿ ಬ್ರೇಕ್ ಡಿಸ್ಕ್ ಕತ್ತರಿಸಿಕೊಳ್ಳಬಹುದಾ?

ನಮಸ್ಕಾರ. ನಿಮ್ಮ ಹಳೆ ಬೈಕಿನ ಮುಂದಿನ ಡಿಸ್ಕ್ ಸವೆದಿದೆ, ಹೊಸದು ಎಲ್ಲೂ ಸಿಗುತ್ತಿಲ್ಲ. ಪರಿಚಯದವರ ಹತ್ತಿರ ಲೇಸರ್ ಕಟಿಂಗ್ ಮೆಷಿನ್ ಇದೆ, 304 ಸ್ಟೇನ್‌ಲೆಸ್ ಶೀಟಿನಲ್ಲಿ ಒಂದು ಕತ್ತರಿಸಿಕೊಂಡರೆ ಸಾಕಲ್ವಾ, ಕಂಪನಿಗಳಲ್ಲೂ ಹಾಗೇ ತಾನೇ ಮಾಡುವುದು ಅಂತ ಕೇಳಿದ್ದೀರಿ. ನಾನು ಕಟಿಂಗ್ ಮತ್ತು ಗ್ರೈಂಡಿಂಗ್ ಮೆಷಿನ್‌ಗಳ ಜೊತೆಗೇ ಕೆಲಸ ಮಾಡುವವನು. ಬ್ರೇಕಿನ ವಿಷಯ ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, 304 ಬೇಡವೇ ಬೇಡ. ಅದನ್ನು ಎಷ್ಟು ಕಾಯಿಸಿ ತಣಿಸಿದರೂ ಗಟ್ಟಿಯಾಗುವುದಿಲ್ಲ. ಪ್ಯಾಡ್ ಉಜ್ಜಿದಾಗ ಮೇಲ್ಮೈ ಕಿತ್ತುಕೊಂಡು ಗೀರು ಬೀಳುತ್ತದೆ. ಬಿಸಿಗೆ ಹಿಗ್ಗುವುದೂ ಡಿಸ್ಕಿಗೆ ಬಳಸುವ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ. ಬೈಕ್ ಡಿಸ್ಕುಗಳಿಗೆ ಬಳಸುವುದು 410, 420 ಜಾತಿಯ ಸ್ಟೇನ್‌ಲೆಸ್. ಇದರಲ್ಲಿ ಕ್ರೋಮಿಯಂ ಶೇ. 12–13ರ ಆಸುಪಾಸು ಇರುತ್ತದೆ, ಹದ ಕೊಟ್ಟರೆ, ಅಂದರೆ ಕಾಯಿಸಿ ತಣಿಸಿದರೆ, ಗಟ್ಟಿಯಾಗುತ್ತದೆ. ನಿಮ್ಮ ಹಳೆ ಡಿಸ್ಕಿಗೆ ಒಂದು ಮ್ಯಾಗ್ನೆಟ್ ಹಿಡಿದು ನೋಡಿ, ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮ್ಯಾಗ್ನೆಟ್ ಹಿಡಿದರೆ ಅದು ಒಳ್ಳೆಯ ಸ್ಟೇನ್‌ಲೆಸ್ ಅಲ್ಲ ಅನ್ನುವ ಮಾತು ಕೇಳಿರುತ್ತೀರಿ. ಇಲ್ಲಿ ಆ ಮಾತು ಸಲ್ಲುವುದಿಲ್ಲ, ಮ್ಯಾಗ್ನೆಟ್ ಹಿಡಿಯಲೇಬೇಕು. ಆದರೆ ಅದನ್ನೊಂದೇ ನಂಬಿ ಶೀಟ್ ಕೊಳ್ಳಬೇಡಿ. 430ಕ್ಕೂ ಮ್ಯಾಗ್ನೆಟ್ ಹಿಡಿಯುತ್ತದೆ, ಅದು 420ರ ಹಾಗೆ ಗಟ್ಟಿಯಾಗುವುದಿಲ್ಲ. ಶೀಟಿನ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ.

ಇನ್ನು ಕತ್ತರಿಸುವುದು. ಲಕ್ಷಗಟ್ಟಲೆ ಡಿಸ್ಕ್ ಬೇಕಾದಾಗ ಡೈ ಮಾಡಿಸಿ ಪ್ರೆಸ್‌ನಲ್ಲಿ ಹೊಡೆಯುತ್ತಾರೆ. ಕಡಿಮೆ ಸಂಖ್ಯೆ ಇದ್ದರೆ, ಡಿಸೈನ್ ಪದೇ ಪದೇ ಬದಲಾಗುತ್ತಿದ್ದರೆ ಲೇಸರ್. ಭಾರೀ ಒತ್ತಡದ ನೀರಿನ ಧಾರೆಯಿಂದ ಕತ್ತರಿಸುವ ವಾಟರ್‌ಜೆಟ್‌ನಲ್ಲೂ ಆಗುತ್ತದೆ. ಶಾಖ ತಗಲುವುದಿಲ್ಲ ಅನ್ನುವುದು ಅದರ ದೊಡ್ಡ ಗುಣ, ಆದರೆ ನಿಧಾನ, ಅಂಚು ಸ್ವಲ್ಪ ಓರೆಯಾಗುತ್ತದೆ.

ಲೇಸರ್‌ನಲ್ಲಿ ಕತ್ತರಿಸುವುದಾದರೆ ಆಕ್ಸಿಜನ್ ಬೇಡ, ನೈಟ್ರೋಜನ್ ಗ್ಯಾಸ್ ಹಾಕಲು ಹೇಳಿ. ಅಂಚು ಕಪ್ಪಾಗದೆ ಬೆಳ್ಳಗೆ ಬರುತ್ತದೆ. ಒಳಗಿನ ಸಣ್ಣ ತೂತುಗಳು ಮೊದಲು, ಹೊರಗಿನ ಸುತ್ತು ಕೊನೆಗೆ. ಹೊರಸುತ್ತು ಮೊದಲೇ ಬಿಟ್ಟುಕೊಂಡರೆ ತುಂಡು ಅಲುಗಾಡಿ ತೂತುಗಳ ಜಾಗ ತಪ್ಪುತ್ತದೆ. ಅಕ್ಕಪಕ್ಕದ ತೂತುಗಳನ್ನು ಸಾಲಾಗಿ ಹೊಡೆಯದೆ ದೂರ ದೂರ ಹಾರುತ್ತಾ ಹೊಡೆದರೆ ಒಂದೇ ಕಡೆ ಶಾಖ ಸೇರುವುದಿಲ್ಲ. ಬೀಮ್ ಶುರುವಿನಲ್ಲಿ ಶೀಟನ್ನು ಚುಚ್ಚುವ ಜಾಗ ಯಾವಾಗಲೂ ಬಿದ್ದುಹೋಗುವ ತುಂಡಿನಲ್ಲಿರಲಿ.

ಒಂದು ಮುಖ್ಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಲೇಸರ್ ಹಾದುಹೋದ ಅಂಚು ಕೆಂಪಗೆ ಕಾದು, ಪಕ್ಕದ ತಣ್ಣನೆಯ ಲೋಹದಿಂದ ತಕ್ಷಣ ತಣಿಯುತ್ತದೆ. 420ರಲ್ಲಿ ಆ ತೆಳು ಪದರ ತಾನಾಗಿಯೇ ಬಹಳ ಗಟ್ಟಿಯಾಗಿಬಿಡುತ್ತದೆ. ಅಲ್ಲಿಗೆ ಮಾಮೂಲಿ ರೀಮರ್ (ತೂತನ್ನು ಅಳತೆಗೆ ಹಿಗ್ಗಿಸುವ ಟೂಲ್) ಹಾಕಿದರೆ ರೀಮರ್ ಬಾಯಿ ಹೋಗುತ್ತದೆ. ಹಬ್ ಮೇಲೆ ಕೂರುವ ನಡುವಿನ ತೂತನ್ನೂ ಬೋಲ್ಟ್ ತೂತುಗಳನ್ನೂ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ, ಹದ ಕೊಟ್ಟ ಮೇಲೆ ಕಾರ್ಬೈಡ್ ಟೂಲ್‌ನಲ್ಲಿ ಬೋರ್ ಮಾಡಿ ಅಳತೆಗೆ ತರಬೇಕು. ಎಲ್ಲಾ ತೂತುಗಳ ಅಂಚನ್ನೂ ಎರಡೂ ಕಡೆ ಸ್ವಲ್ಪ ಓರೆ ಹೊಡೆಯಬೇಕು. ಚೂಪು ಅಂಚು ಪ್ಯಾಡನ್ನು ಹೆರೆಯುತ್ತದೆ, ಬಿರುಕು ಶುರುವಾಗುವುದೂ ಅಲ್ಲಿಂದಲೇ.

ಇಷ್ಟಾದರೆ ಕೈಯಲ್ಲಿರುವುದು ಡಿಸ್ಕಿನ ಆಕಾರದ ಒಂದು ತಗಡು ಮಾತ್ರ. ನಿಜವಾದ ಕಷ್ಟ ಈಗ ಶುರು. ಅದನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತಣಿಸಬೇಕು. ಸುಮ್ನೆ ಕುಲುಮೆಯಿಂದ ತೆಗೆದು ತಣಿಸಿದರೆ ಒಣಗಿದ ಎಲೆಯ ಹಾಗೆ ಮುದುಡುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ನೀರು ಹರಿಯುವ ಎರಡು ಚಪ್ಪಟೆ ಡೈಗಳ ನಡುವೆ ಒತ್ತಿ ಹಿಡಿದು ತಣಿಸುತ್ತಾರೆ. ಗಡಸುತನ ಸ್ವಲ್ಪ ಇಳಿಸಲು ಮತ್ತೆ ಕಾಯಿಸುವುದಿದ್ದರೆ ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸಿ, ಬಿಗಿಯಾಗಿ ಬೋಲ್ಟ್ ಹಾಕಿ, ಹಾಗೇ ಕಾಯಿಸುತ್ತಾರೆ. ಬೈಕ್ ಡಿಸ್ಕಿಗೆ ರಾಕ್‌ವೆಲ್ ಸಿ ಅಳತೆಯಲ್ಲಿ 32ರಿಂದ 38ರ ಆಸುಪಾಸು ಗಡಸುತನ ಸಾಮಾನ್ಯ. ಕಡಿಮೆಯಾದರೆ ಬೇಗ ಸವೆಯುತ್ತದೆ, ತೀರಾ ಜಾಸ್ತಿಯಾದರೆ ಬಿರುಕಿನ ಭಯ.

ಆಮೇಲೆ ಗ್ರೈಂಡಿಂಗ್. ಇಲ್ಲಿ ನಾನೇ ಒಮ್ಮೆ ಏಟು ತಿಂದಿದ್ದೇನೆ. ಹದ ಕೊಟ್ಟ ಡಿಸ್ಕನ್ನು ಮ್ಯಾಗ್ನೆಟಿಕ್ ಚಕ್ (ಮ್ಯಾಗ್ನೆಟ್‌ನಿಂದ ಹಿಡಿದುಕೊಳ್ಳುವ ಮೇಜು) ಮೇಲೆ ಇಟ್ಟು ಎರಡೂ ಮುಖ ಗ್ರೈಂಡ್ ಮಾಡಿದೆ. ಚಕ್ ಮೇಲೆ ಏರುತಗ್ಗು ಅಳೆಯುವ ಡಯಲ್ ಗೇಜ್‌ನ ಮುಳ್ಳು ಅಲುಗಲೇ ಇಲ್ಲ. ತೆಗೆದು ಹಬ್‌ಗೆ ಕಟ್ಟಿ ತಿರುಗಿಸಿದರೆ ಮುಖ ಅಕ್ಕಪಕ್ಕ 0.4 ಮಿ.ಮೀ. ಓಲಾಟ! ಎಷ್ಟೋ ಬೈಕುಗಳ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸವೆದ ಡಿಸ್ಕಿಗೂ 0.3 ಮಿ.ಮೀ.ಗಿಂತ ಹೆಚ್ಚು ಬಿಡುವುದಿಲ್ಲ. ಆದದ್ದೇನೆಂದರೆ, ಬಾಗಿದ್ದ ಡಿಸ್ಕನ್ನು ಮ್ಯಾಗ್ನೆಟ್ ಎಳೆದು ನೆಟ್ಟಗೆ ಮಾಡಿತ್ತು. ಗ್ರೈಂಡಿಂಗ್ ಕಲ್ಲು ಅದನ್ನು ಚೆನ್ನಾಗಿ ಉಜ್ಜಿತು. ಮ್ಯಾಗ್ನೆಟ್ ಬಿಟ್ಟ ಕೂಡಲೇ ಡಿಸ್ಕ್ ಮೊದಲಿನ ಬಾಗಿಗೇ ಹೋಯಿತು. ಈಗ ಮೊದಲ ಮುಖಕ್ಕೆ, ಖಾಲಿ ಇರುವ ಕಡೆ ಕೆಳಗೆ ತೆಳು ಶಿಮ್ (ಸಂದು ತುಂಬುವ ತಗಡಿನ ಚೂರು) ಕೊಟ್ಟು, ಮ್ಯಾಗ್ನೆಟ್ ಹಿಡಿತ ಕಡಿಮೆ ಮಾಡಿ, ತೀರಾ ಸ್ವಲ್ಪ ಸ್ವಲ್ಪವೇ ತೆಗೆಯುತ್ತೇನೆ. ಎರಡು ಮುಖವನ್ನೂ ಮಗುಚಿ ಮಗುಚಿ ಮಾಡಬೇಕು. ಒಂದೇ ಕಡೆ ಪೂರ್ತಿ ಮುಗಿಸಿದರೆ ಮತ್ತೆ ಬಾಗುತ್ತದೆ. ಇದಕ್ಕೆಲ್ಲ ಜಾಗ ಬೇಕಲ್ಲ, ಹಾಗಾಗಿ ಶೀಟ್ ಬೇಕಾದ ದಪ್ಪಕ್ಕಿಂತ ಅರ್ಧ ಮಿ.ಮೀ.ನಷ್ಟಾದರೂ ಜಾಸ್ತಿ ಇರಬೇಕು.

ದಪ್ಪದ ವ್ಯತ್ಯಾಸ ಓಲಾಟಕ್ಕಿಂತ ಕೆಟ್ಟದ್ದು. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ಪ್ರತಿ ಸುತ್ತಿಗೂ ಪ್ಯಾಡ್ ಒತ್ತುವ ಕ್ಯಾಲಿಪರ್ ಪಿಸ್ಟನ್ ಹಿಂದೆ ಮುಂದೆ ಹೋಗುತ್ತದೆ, ಅದು ಲಿವರ್‌ನಲ್ಲಿ ಬಡಿತವಾಗಿ ಕೈಗೆ ಗೊತ್ತಾಗುತ್ತದೆ. ಒಳ್ಳೆಯ ಡಿಸ್ಕಿನಲ್ಲಿ ಈ ವ್ಯತ್ಯಾಸ 10–15 ಮೈಕ್ರಾನ್ ಒಳಗಿರುತ್ತದೆ. ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಲೇಸರ್ ಎಷ್ಟೇ ದುಬಾರಿಯದಾಗಲಿ, ಡಿಸ್ಕಿನ ಮುಖವನ್ನು ಅದು ಮುಟ್ಟುವುದೇ ಇಲ್ಲ, ಸುತ್ತಳತೆಯನ್ನಷ್ಟೇ ಕೊಡುತ್ತದೆ.

ಇದೇ ಚರ್ಚೆಯಲ್ಲಿ ಇನ್ನೊಬ್ಬರು ಕಾರಿನ ಡಿಸ್ಕ್ ಬಗ್ಗೆ ಕೇಳಿದ್ದರು. ಅದು ಬೇರೆ ದಾರಿ. ಬೂದು ಎರಕದ ಕಬ್ಬಿಣವನ್ನು ಮರಳಿನ ಅಚ್ಚಿನಲ್ಲಿ ಹೊಯ್ಯುತ್ತಾರೆ, ಗಾಳಿ ಓಡಾಡುವ ಸಂದುಗಳಿಗೆ ಒಳಗೆ ಮರಳಿನ ಕೋರ್ ಇಡುತ್ತಾರೆ. ಆಮೇಲೆ ಸಿಎನ್‌ಸಿ ಲೇತ್‌ನಲ್ಲಿ ಎರಡು ಟೂಲ್ ಎದುರುಬದುರಾಗಿ ನಿಂತು ಎರಡೂ ಮುಖವನ್ನು ಒಟ್ಟಿಗೆ ಕತ್ತರಿಸುತ್ತವೆ. ಒಂದು ಕಡೆಯ ಒತ್ತಡವನ್ನು ಇನ್ನೊಂದು ಕಡೆಯದು ಸರಿದೂಗಿಸುವುದರಿಂದ ಡಿಸ್ಕ್ ಬಾಗುವುದಿಲ್ಲ. ನೋಡುವುದಕ್ಕೇ ಖುಷಿಯಾಗುವ ಕೆಲಸ ಅದು. ಕೊನೆಗೆ ಬ್ಯಾಲೆನ್ಸ್ ನೋಡಿ ಭಾರವಿರುವ ಕಡೆ ಅಂಚಿನಲ್ಲಿ ಸ್ವಲ್ಪ ಕೊರೆದು ತೆಗೆಯುತ್ತಾರೆ.

ನಿಮಗೆ ನನ್ನ ಸಲಹೆ: ಉಜ್ಜುವ ಉಂಗುರವನ್ನು ನೀವು ಮಾಡಿಸಬೇಡಿ. ಅಷ್ಟೇ ಹೊರಸುತ್ತು, ಅಷ್ಟೇ ದಪ್ಪ ಇರುವ, ನಿಮ್ಮ ಬೈಕಿಗಿಂತ ಹಗುರವಲ್ಲದ ಬೇರೆ ಮಾಡೆಲ್‌ನ ಫ್ಲೋಟಿಂಗ್ ಡಿಸ್ಕ್ ಹುಡುಕಿ. ಅದರಲ್ಲಿ ಉಕ್ಕಿನ ಉಂಗುರ ಬೇರೆ, ನಡುವಿನ ಕ್ಯಾರಿಯರ್ ಬೇರೆ, ಎರಡನ್ನೂ ಬಾಬಿನ್ ಅನ್ನುವ ಗುಂಡನೆಯ ಸಣ್ಣ ಗುಂಡಿಗಳು ಹಿಡಿದಿರುತ್ತವೆ. ಆ ಉಂಗುರ ಇಟ್ಟುಕೊಂಡು, ನಿಮ್ಮ ಹಬ್‌ಗೆ ಹೊಂದುವ ಕ್ಯಾರಿಯರ್ ಮಾತ್ರ 6061-ಟಿ6 ಅಥವಾ 7075 ಅಲ್ಯೂಮಿನಿಯಂನಲ್ಲಿ ಸಿಎನ್‌ಸಿ ಮಿಲ್ಲಿಂಗ್ ಮಾಡಿಸಿ. ಬ್ರೇಕ್ ಭಾಗಗಳನ್ನು ಮಾಡಿ ಅನುಭವ ಇರುವವರ ಹತ್ತಿರವೇ ಮಾಡಿಸಿ. ಕಟ್ಟಿದ ಮೇಲೆ ಡಯಲ್ ಗೇಜ್ ಇಟ್ಟು ನೋಡದೆ ರಸ್ತೆಗೆ ಇಳಿಸಬೇಡಿ.

ಹಳೆ ಡಿಸ್ಕಿನ ಹೊರಸುತ್ತಿನ ವ್ಯಾಸ, ಸವೆಯದ ಅಂಚಿನಲ್ಲಿ ದಪ್ಪ, ನಡುವಿನ ತೂತು, ಎದುರುಬದುರು ಬೋಲ್ಟ್‌ಗಳ ಅಂತರ, ಹಬ್ ಮುಖದಿಂದ ಡಿಸ್ಕ್ ಎಷ್ಟು ಹೊರಗೆ ನಿಲ್ಲುತ್ತದೆ ಅನ್ನುವುದು, ಇಷ್ಟನ್ನು ವರ್ನಿಯರ್‌ನಲ್ಲಿ ಅಳೆದು ಇಲ್ಲೇ ಹಾಕಿ. ಡಿಸ್ಕಿನ ಮೇಲೆ ಕನಿಷ್ಠ ದಪ್ಪದ ಅಂಕಿ ಕೊರೆದಿದ್ದರೆ ಅದನ್ನೂ ಬರೆಯಿರಿ. ಯಾವ ಡಿಸ್ಕಿನ ಉಂಗುರ ಹೊಂದಬಹುದು ಅಂತ ಕೂತು ಹುಡುಕೋಣ.